ಓದುವವಳ ಬುಟ್ಟಿ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಗೆ ಬರುವ ನೆಂಟರು ಬಸ್ಸಿನಿಂದ ಇಳಿಯುವ ಮೊದಲೇ ಸೀನತೊಡಗುತ್ತಾರೆ. ಮೆಣಸಿನಕಾಯಿಯ ಘಾಟು ಯಾರನ್ನೂ ಬಿಡುವುದಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ದಲಾಲಿ ಅಂಗಡಿ ನಡೆಸುವ ನಾನೂ ನಾಲ್ಕು ಮಾತಿಗೊಮ್ಮೆ ಸೀನುತ್ತೇನೆ. ದರ ಮಾತಾಡುವಾಗ ಸೀನು ಬಂದರೆ ಖರೀದಿದಾರರು ಅದನ್ನೇ ಅಪಶಕುನವೆಂದು ನೆಪ ಮಾಡಿ ಬೆಲೆ ಇಳಿಸುತ್ತಾರೆ. ಇಂಥ ಊರಿನಲ್ಲಿ ಒಂದೂ ಸೀನಿಲ್ಲದೆ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಮುಗಿಸಬಲ್ಲವಳು ಒಬ್ಬಳೇ, ಪ್ರೇಮವ್ವ.

ಪ್ರೇಮವ್ವ ಐರಣಿಯ ಹೆಣ್ಣುಮಗಳು. ಏಳನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ನಮ್ಮೂರಿಗೆ ಬಂದಳು, ಗಂಡ ಹಮಾಲಿ ಕೆಲಸಕ್ಕೆ, ಈಕೆ ನಮ್ಮ ಅಂಗಡಿಯ ಹಿಂದಿನ ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುವುದಕ್ಕೆ. ಆ ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಮುರಿದು ಬುಟ್ಟಿ ತುಂಬುತ್ತಾರೆ. ಸಂಜೆ ಬುಟ್ಟಿ ತಕ್ಕಡಿಗೆ ಏರುತ್ತದೆ, ತೂಕದಂತೆ ಕೂಲಿ. ಒಂದು ದಿನ ಮಿರ್ಚಿ ಭಜಿ ಕಟ್ಟಿಕೊಂಡು ಬಂದ ಕಾಗದದಲ್ಲಿ ಯಾವುದೋ ಧಾರಾವಾಹಿಯ ತುಂಡು ಇತ್ತು. ಪ್ರೇಮವ್ವ ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ನಾಯಕಿ ಕತ್ತಲೆ ಕೋಣೆಯ ಬಾಗಿಲು ತೆರೆಯುವಲ್ಲಿಗೆ ಕಾಗದ ಹರಿದಿತ್ತು. ಆ ಬಾಗಿಲಿನ ಹಿಂದೆ ಏನಿತ್ತು ಎಂಬ ಚರ್ಚೆಯಲ್ಲಿ ಎರಡು ದಿನ ಅಂಗಳದ ಕೆಲಸವೇ ಕುಂಟಿತು.

ನನ್ನ ಅಪ್ಪ ಕೋಪದ ಮನುಷ್ಯ, ಆದರೆ ವ್ಯಾಪಾರಿ. ಹರಟೆ ಹೊಡೆದರೆ ಕೈ ನಿಲ್ಲುತ್ತದೆ, ಕಥೆ ಕೇಳಿದರೆ ಬಾಯಿ ನಿಂತು ಕೈ ಓಡುತ್ತದೆ ಎಂಬುದನ್ನು ಕಂಡುಕೊಂಡ. ಹಾವೇರಿಗೆ ಹೋಗಿ ಪರಿಚಯದ ಪ್ರಕಾಶಕರಿಂದ ಒಂದು ಗಂಟು ಹಳೆಯ ಕಾದಂಬರಿ ತಂದು ಪ್ರೇಮವ್ವನ ಮುಂದೆ ಹಾಕಿದ. ಇದೆಲ್ಲ ತೊಂಬತ್ತರ ದಶಕದ ಆರಂಭದ ಮಾತು.

ಓದುವವಳು ಕಾಯಿ ಬಿಡಿಸಲಾರಳಷ್ಟೆ. ಹಾಗಾದರೆ ಅವಳ ಕೂಲಿ? ಅಪ್ಪ ಆಚೆ ಮುಖ ತಿರುಗಿಸಿದ. ಸಾಲಿನ ಹಿರಿಯಳು ಭರಮವ್ವ ಆಗ ಪಂಚಾಯಿತಿ ಮುಗಿಸಿದಳು. ತೂಕಕ್ಕೆ ಹೋಗುವ ಮುನ್ನ ಪ್ರತಿಯೊಬ್ಬಳೂ ತನ್ನ ಬುಟ್ಟಿಯಿಂದ ಒಂದು ಬೊಗಸೆ ತೆಗೆದು ಪ್ರೇಮವ್ವನ ಬುಟ್ಟಿಗೆ ಹಾಕಬೇಕು. ಹಾಗೆ ಸಂಜೆಯ ಹೊತ್ತಿಗೆ ಒಂದು ತೊಟ್ಟನ್ನೂ ಮುರಿಯದವಳ ಬುಟ್ಟಿ ಉಳಿದವರ ಬುಟ್ಟಿಯಷ್ಟೇ ತುಂಬುತ್ತಿತ್ತು. ಪ್ರತಿಯಾಗಿ ಅವಳಿಗೂ ಒಂದು ಹಕ್ಕಿತ್ತು. ನಾಲ್ಕು ಸಾಲು ಓದಿ ನಿಲ್ಲಿಸುತ್ತಾಳೆ, ಯಾರಾದರೂ ‘ಹೂಂ’ ಅನ್ನಬೇಕು. ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಎಲ್ಲರಿಗಿಂತ ಗಟ್ಟಿ ಹೂಂ ಭರಮವ್ವನದು, ಮುಂದೆ ಅಂಗಡಿಯ ಗಾದಿಯ ಮೇಲೆ ಕೂತ ನನಗೂ ಕೇಳುತ್ತಿತ್ತು.

ನಮ್ಮ ಅಂಗಳದಲ್ಲಿ ಪುಸ್ತಕಗಳಿಗೆ ಶೀರ್ಷಿಕೆ ಇರಲಿಲ್ಲ, ನಾಯಕಿಯ ಹೆಸರೇ ಪುಸ್ತಕದ ಹೆಸರು. ಎಲ್ಲರಿಗೂ ಮೆಚ್ಚುಗೆಯಾದದ್ದು ಸುಗುಣಾ. ಅತ್ತೆ ಕಾಡಿದಳು, ಗಂಡ ಕೈಬಿಟ್ಟ, ಉಟ್ಟ ಸೀರೆಯಲ್ಲಿ ಮನೆಯಿಂದ ಹೊರಬಿದ್ದಳು ಸುಗುಣಾ. ರಾಣೆಬೆನ್ನೂರಿನ ಬಸ್‌ ಸ್ಟ್ಯಾಂಡ್ ಹಿಂದೆ ಖಾನಾವಳಿ ತೆರೆದಳು. ಒಂದು ದಿನ ಅದೇ ಗಂಡ ಹಸಿದು ಬಂದು, ಗುರುತು ಹಿಡಿಯದೆ ರೊಟ್ಟಿ ಝುಣಕ ಹೊಡೆದ. ಸುಗುಣಾ ಕೇಳಿ ಕೇಳಿ ಬಡಿಸಿದಳು, ಕೊನೆಗೆ ಎಲ್ಲರಿಗೂ ಕೊಡುವಂತೆ ಬಿಲ್ಲು ಕೊಟ್ಟು ಕಳಿಸಿದಳು. ಈ ಭಾಗ ಬಂದಾಗ ಅಂಗಳದಲ್ಲಿ ಹಬ್ಬ. ಅದೇ ಸಾಲಿನಲ್ಲಿ ಕೂರುವ ಗುಲಾಬಬಿಯ ಮಗಳು ರೊಟ್ಟಿ ಮಾಡಿ ಮಾರಲು ಶುರುಮಾಡಿದ್ದೇ ಈ ಕಥೆ ಕೇಳಿದ ಮೇಲೆ. ಬಿ.ಕಾಂ. ಮಾಡಿದ ನಾನೇ ಒಮ್ಮೆ ರಾಣೆಬೆನ್ನೂರಿನಲ್ಲಿ ಹೊಟ್ಟೆ ಹಸಿದಾಗ, ಆ ಖಾನಾವಳಿ ಯಾವ ಗಲ್ಲಿಯಲ್ಲಿರಬಹುದು ಎಂದು ಕತ್ತು ಹೊರಳಿಸಿ ನೋಡಿದ್ದೆ.

ಇನ್ನು ಆ ಹಾವೇರಿಯ ಪ್ರಕಾಶಕರ ಮಾತು. ಹೆಸರು ಪ್ರಭುಲಿಂಗಪ್ಪ, ಕೋರ್ಟಿನ ಹಿಂದೆ ಪ್ರೆಸ್ಸು. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳನ್ನು ನಂಬಿ ಹೆಂಗಸರ ಕಾದಂಬರಿ ಅಚ್ಚು ಹಾಕಿ ಬೆಳೆದವರು. ಟಿವಿಯಲ್ಲಿ ಧಾರಾವಾಹಿ ಬಂದವು, ಲೈಬ್ರರಿಗಳು ಒಂದೊಂದಾಗಿ ಮುಚ್ಚಿ ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಪ್ರೆಸ್ಸಿನ ಅಟ್ಟದ ಮೇಲೆ ಪುಸ್ತಕದ ಗಂಟುಗಳನ್ನು ಗೆದ್ದಲು ಓದತೊಡಗಿತು. ಅದಕ್ಕಿಂತ ಮನುಷ್ಯರು ಓದಲಿ ಎಂದು ಅವರು ವರ್ಷಕ್ಕೊಂದು ಗಂಟು ನಮಗೆ ಬಿಟ್ಟಿ ಕೊಡುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ಅವರ ಅಳಿಯ ವಿಜಯಮಹಾಂತೇಶ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದ. ಕಾಗದದ ಕಾಲ ಮುಗಿಯಿತು ಮಾವಾ, ಇನ್ನು ಇ-ಪುಸ್ತಕ ಅಂದ. ಒಂದು ಕಾದಂಬರಿಯನ್ನು ಇಂಟರ್‌ನೆಟ್ಟಿಗೆ ಏರಿಸಿಯೇ ಬಿಟ್ಟ. ಪ್ರಭುಲಿಂಗಪ್ಪ ದೇವರಿಗೆ ಊದಿನಕಡ್ಡಿ ಹಚ್ಚಿ ಸೈಬರ್ ಕೆಫೆಗೆ ಹೋದರು. ತೆರೆದು ನೋಡಿದರೆ ಅಕ್ಷರದ ಬದಲು ಪುಟದ ತುಂಬ ಬರೀ ಚೌಕ, ಆ ಕಂಪ್ಯೂಟರಿನಲ್ಲಿ ಅದರ ಫಾಂಟೇ ಇರಲಿಲ್ಲ. ಕೊನೆಗೆ ಪಿಡಿಎಫ್ ಮಾಡಿದ ಮೇಲೆ ಅಕ್ಷರ ಮೂಡಿದವು. ಆಸ್ಟ್ರೇಲಿಯಾದಿಂದ ಯಾರೋ ಓದಿ, ಕಣ್ಣೀರು ಬಂತು, ಇನ್ನೊಂದು ಪುಸ್ತಕವನ್ನೂ ಹೀಗೇ ಬಿಟ್ಟಿ ಹಾಕಿ ಎಂದು ಬರೆದರು. ಪ್ರಭುಲಿಂಗಪ್ಪನವರಿಗೂ ಕಣ್ಣೀರು ಬಂತು, ಕಾರಣ ಬೇರೆ.

ಆಮೇಲೆ ಬಂದದ್ದು ಕೇಳುವ ಪುಸ್ತಕ. ಧಾರವಾಡದ ಒಬ್ಬ ಹೆಣ್ಣುಮಗಳಿಂದ ಓದಿಸಿ ಹಳೆಯ ಕಾದಂಬರಿಗಳನ್ನೆಲ್ಲ ಸಿ.ಡಿ.ಗೆ ಇಳಿಸಿದರು. ಕಥೆ ಕೇಳುವ ಜನ ಒಂದೇ ಕಡೆ ಸಿಗುವುದು ಎಲ್ಲಿ? ನಮ್ಮ ಅಂಗಳದಲ್ಲಿ. ಅಳಿಯನ ತಲೆಯ ಮೇಲೆ ಪ್ಲೇಯರು, ಎರಡು ಸ್ಪೀಕರು ಹೊರಿಸಿಕೊಂಡು ಪ್ರಭುಲಿಂಗಪ್ಪ ಬಂದಿಳಿದರು. ಪ್ರೇಮವ್ವ ಪುಸ್ತಕ ಮಡಚಿಟ್ಟು, ಕೇಳೋಣ ಎಂದು ಎಲ್ಲರ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಳು. ಯಾವ ಕಥೆ ಹಾಕಲಿ ಎಂದರೆ ಎಲ್ಲರೂ ಒಂದೇ ದನಿಯಲ್ಲಿ ಸುಗುಣಾ ಅಂದರು. ಆಗ ಪ್ರೇಮವ್ವನ ಮುಖ ಬಾಡಿದ್ದನ್ನು ನಾನು ನೋಡಿದೆ, ಅರ್ಥವಾಗಲಿಲ್ಲ.

ಧಾರವಾಡದವಳ ದನಿ ಜೇನು. ಅತ್ತೆ ಕಾಡಿದಳು, ಗಂಡ ಕೈಬಿಟ್ಟ, ಸುಗುಣಾ ಮನೆಯಿಂದ ಹೊರಬಿದ್ದಳು. ಎಲ್ಲರೂ ಖಾನಾವಳಿಗಾಗಿ ಮೈಯೆಲ್ಲ ಕಿವಿಯಾಗಿ ಕೂತರು. ಸುಗುಣಾ ಬಸ್‌ ಸ್ಟ್ಯಾಂಡಿನ ದಾರಿ ಹಿಡಿಯಲಿಲ್ಲ, ತೋಟದ ಬಾವಿಯ ದಾರಿ ಹಿಡಿದಳು. ಹಾರಿದಳು. ಪಿಟೀಲು ನುಡಿಯಿತು, ಕಥೆ ಮುಗಿಯಿತು.

ಮೆಹಬೂಬಿ ಎಲ್ಲರಿಗಿಂತ ಚಿಕ್ಕವಳು, ಇನ್ನೊಂದು ಸಿ.ಡಿ. ಇರಬೇಕು ಅದನ್ನೂ ಹಾಕಿರಿ ಎಂದಳು. ಖಾನಾವಳಿ ಎಲ್ಲಿ ಎಂದು ಗುಲಾಬಬಿ ಕೇಳಿದಳು. ಯಾವ ಖಾನಾವಳಿ ಎಂದು ಪ್ರಭುಲಿಂಗಪ್ಪ ತಿರುಗಿ ಕೇಳಿದರು. ಇದು ಸಿ.ಡಿ. ಮಾಡಿದವರ ತಪ್ಪು ಎಂದು ಅಂಗಳವೆಲ್ಲ ಗದ್ದಲವೆದ್ದಿತು, ನಾನೂ ಗಾದಿಯಿಂದ ಎದ್ದು ಬಂದು ನಾಲ್ಕು ಮಾತು ಜೋರಾಗಿಯೇ ಅಂದೆ. ಅವರು ಅಚ್ಚಾದ ಪುಸ್ತಕವನ್ನೇ ಚೀಲದಿಂದ ತೆಗೆದು ಕೊನೆಯ ಪುಟ ಓದಿ ತೋರಿಸಿದರು. ಅಚ್ಚಿನಲ್ಲೂ ಸುಗುಣಾ ಸತ್ತಿದ್ದಳು.

ಎಲ್ಲರೂ ಪ್ರೇಮವ್ವನ ಕಡೆ ತಿರುಗಿದರು. ಇಡೀ ಅಂಗಳದಲ್ಲಿ ತೊಟ್ಟು ಮುರಿಯುತ್ತಿದ್ದವಳು ಅವಳೊಬ್ಬಳೇ.

“ಪ್ರೇಮವ್ವ, ಇಷ್ಟ ವರ್ಷ ನಮಗ ಏನ ಓದಿದಿ?” ಎಂದು ಭರಮವ್ವ ಕೇಳಿದಳು.

ಪ್ರೇಮವ್ವ ಬುಟ್ಟಿಯಿಂದ ಕಣ್ಣು ಎತ್ತಲಿಲ್ಲ. “ಮೊದಲನೇ ಸಲ ಓದುವಾಗ ನಾನೂ ಬಾವಿ ತನಕಾ ಹೋಗಿದ್ದೆ ಯಕ್ಕಾ. ತಲಿ ಎತ್ತಿ ನೋಡಿದ್ರ ನೀವೆಲ್ಲಾ ಕೈಯಾಗಿನ ಕೆಲಸ ಬಿಟ್ಟು ನನ್ನ ಬಾಯಿ ನೋಡಾಕತ್ತಿದ್ರಿ. ಆಕಿನ್ನ ಹೆಂಗ ದಬ್ಬಲಿ? ವಾಪಸ್ ಕರಕೊಂಡು ಬಂದೆ.”

“ಸತ್ತಾಕಿನ್ನ ಸತ್ಳು ಅಂತ ಹೇಳಬೇಕಿತ್ತು. ಅಳಾಕ ನಮಗೂ ಬರತೈತಿ,” ಎಂದಳು ಭರಮವ್ವ.

ಸಂಜೆ ಭರಮವ್ವ ತನ್ನ ಬುಟ್ಟಿ ಎತ್ತಿಕೊಂಡು, ಪ್ರೇಮವ್ವನ ಬುಟ್ಟಿಯನ್ನು ದಾಟಿ, ನೇರ ತಕ್ಕಡಿಗೆ ಹೋದಳು. ಬೊಗಸೆ ಹಾಕಲಿಲ್ಲ. ಹಿರಿಯಳು ಹೋದ ದಾರಿಯಲ್ಲಿ ಉಳಿದವರೂ ಹೋದರು.

ಅಂದಿನಿಂದ ಅಂಗಳದಲ್ಲಿ ಸಿ.ಡಿ.ಯದೇ ರಾಜ್ಯ. ಪ್ರೇಮವ್ವ ಎಲ್ಲರಂತೆ ತೊಟ್ಟು ಮುರಿಯಲು ಕೂತಳು. ಪುಟ ತಿರುವಿ ತಿರುವಿ ಮೆದುವಾಗಿದ್ದ ಬೆರಳುಗಳು ಉರಿ ಹತ್ತಿ ಮಧ್ಯಾಹ್ನಕ್ಕೇ ಕೆಂಪಾಗುತ್ತಿದ್ದವು. ಸಂಜೆ ಅವಳ ಬುಟ್ಟಿ ಅರ್ಧವೂ ತುಂಬುತ್ತಿರಲಿಲ್ಲ. ನೋಡಲಾರದೆ ನಾನು ಉಳಿದದ್ದನ್ನು ಅಂಗಡಿಯಿಂದ ಹಾಕಿ ತೂಗಿಸುತ್ತೇನೆ ಅಂದರೆ ಒಪ್ಪಲಿಲ್ಲ. ಓದಿದರೆ ಬೊಗಸೆ, ಓದದಿದ್ದರೆ ಇಲ್ಲ, ಅದು ನಮ್ಮನಮ್ಮೊಳಗಿನ ಕರಾರು ಸಾವ್ಕಾರ್ರ ಅಂದಳು. ನನಗೆ ಕೆಡುಕೆನಿಸಿತು. ಸುಳ್ಳು ಓದಿದಳೆಂದು ಅವಳ ಮೇಲೆ ಸಿಟ್ಟೂ ಇತ್ತು, ರಾಣೆಬೆನ್ನೂರಿನಲ್ಲಿ ಖಾನಾವಳಿ ಹುಡುಕಿದವನು ನಾನಲ್ಲವೇ.

ಧಾರವಾಡದವಳ ದನಿ ಜೇನಾದರೂ ಆಕೆಗೆ ಬ್ಯಾಡಗಿಯ ವ್ಯವಹಾರ ತಿಳಿಯದು. ಹತ್ತು ಜನ ಒಟ್ಟಿಗೆ ಸೀನಿದರೂ ನಿಲ್ಲಿಸುವವಳಲ್ಲ. ಹಮಾಲರು ಕೂಗಿದರೆ, ಚಹಾ ಬಂದರೆ, ಅವಳ ಪಾಡಿಗೆ ಅವಳು ಹೋಗುತ್ತಿದ್ದಳು. ಇವರು ಹೂಂ ಅನ್ನುವುದರೊಳಗೆ ಅಲ್ಲೊಂದು ಮದುವೆಯೇ ಮುಗಿದಿರುತ್ತಿತ್ತು. ಹಿಂದಕ್ಕೆ ತಿರುಗಿಸುವ ಗುಂಡಿಯನ್ನು ಒತ್ತಿ ಒತ್ತಿ ಪ್ಲೇಯರಿನ ಮೈಯೆಲ್ಲ ಖಾರವಾಯಿತು, ಕಡೆಗೆ ಅದನ್ನು ಮುಟ್ಟಿದವರೆಲ್ಲ ಕಣ್ಣು ಉಜ್ಜಿಕೊಳ್ಳುವಂತಾಯಿತು.

ಕಣ್ಣು ಉಜ್ಜಿಕೊಳ್ಳಲು ಬೇರೆ ಕಾರಣವೂ ಇತ್ತು. ಪ್ರಭುಲಿಂಗಪ್ಪನವರ ಅಷ್ಟೂ ಕಾದಂಬರಿಗಳಲ್ಲಿ ಒಬ್ಬ ನಾಯಕಿಯೂ ಕೊನೆಯವರೆಗೆ ಬದುಕುತ್ತಿರಲಿಲ್ಲ. ಒಬ್ಬಳಿಗೆ ಬಾವಿ, ಒಬ್ಬಳಿಗೆ ಕ್ಷಯ, ಒಬ್ಬಳಿಗೆ ರೈಲು. ಇವರನ್ನೆಲ್ಲ ಇಷ್ಟು ವರ್ಷ ಪ್ರೇಮವ್ವ ಒಂಟಿ ಕೈಯಲ್ಲಿ ಉಳಿಸಿದ್ದಳು. ಕ್ಷಯದವಳನ್ನು ಗುಣಪಡಿಸಿ ನರ್ಸ್ ಮಾಡಿದ್ದಳು, ರೈಲಿನ ಹಳಿಯ ಮೇಲೆ ಮಲಗಿದವಳನ್ನು ಎಬ್ಬಿಸಿ ದೇವರಗುಡ್ಡದಲ್ಲಿ ಭಂಡಾರದ ಅರಿಸಿನಪುಡಿ ಮಾರುವ ಅಂಗಡಿ ಹಾಕಿಸಿದ್ದಳು. ಈಗ ವಾರಕ್ಕೊಂದು ಹೆಣ ಬೀಳತೊಡಗಿತು. ಅಂಗಳಕ್ಕೆ ಸೂತಕದ ಕಳೆ ಬಂತು. ಕೊನೆಗೆ ಒಂದು ಮಧ್ಯಾಹ್ನ ಹೊಸ ನಾಯಕಿ ಸಣ್ಣಗೆ ಕೆಮ್ಮಿದಳು. ಗುಲಾಬಬಿ ಎದ್ದು ಗುಂಡಿ ಒತ್ತಿ ಬಂದ್ ಮಾಡಿದಳು.

“ಕೆಮ್ಮು ಬಂತು, ಇನ್ನ ಇಕಿ ಉಳಿಯಂಗಿಲ್ಲ,” ಎಂದವಳೇ ಹಳೆಯ ಪುಸ್ತಕ ತಂದು ಪ್ರೇಮವ್ವನ ಮಡಿಲಿಗೆ ಹಾಕಿದಳು.

ಪ್ರೇಮವ್ವ ಓದಿದಳು. ಬೊಗಸೆಗಳು ಬಂದವು, ಭರಮವ್ವನದು ಬರಲಿಲ್ಲ. ಕಥೆ ಕೇಳುತ್ತಿದ್ದಳು, ಆದರೆ ಹೂಂ ಕೂಡ ಅನ್ನಲಿಲ್ಲ. ಅಂಗಳದ ಅತಿ ದೊಡ್ಡ ಹೂಂ ಇಲ್ಲದೆ ಪ್ರೇಮವ್ವನ ಓದು ಆಗಾಗ ಮುಗ್ಗರಿಸುತ್ತಿತ್ತು.

ತಮ್ಮ ಸಿ.ಡಿ.ಯ ಬಾಯಿಯನ್ನು ಹೆಂಗಸರು ಮುಚ್ಚಿಸಿದ ಸುದ್ದಿ ಕೇಳಿ ಪ್ರಭುಲಿಂಗಪ್ಪ ಜಗಳಕ್ಕೆಂದೇ ಬಂದರು. ಬಂದವರು ಚೀಲದ ಮೇಲೆ ಕೂತು, ತಾವೇ ಅಚ್ಚು ಹಾಕಿದ ಪುಸ್ತಕ ಪ್ರೇಮವ್ವನ ಬಾಯಲ್ಲಿ ಏನೇನಾಗುತ್ತದೆ ಎಂಬುದನ್ನು ಸಂಜೆಯವರೆಗೆ ಕೇಳಿದರು. ನಡುವೆ ಕಣ್ಣು ಒರೆಸಿಕೊಂಡರು, ಘಾಟು ಎಂದರು. ಏಳುವಾಗ ಪ್ರೇಮವ್ವನ ದನಿಯಲ್ಲೇ ಒಂದು ಸಿ.ಡಿ. ಮಾಡೋಣ ಅಂದರು. ಆದರೆ ಈ ಪುಸ್ತಕಗಳು ಬೇಡ. ಬರೆದವರು ಕೊಂದವಳನ್ನು ನೀನು ಬದುಕಿಸಿದರೆ ನಾನು ಕೋರ್ಟು ಹತ್ತಬೇಕಾದೀತು, ನಿನ್ನದೇ ಕಥೆ ಹೇಳು ಅಂದರು. ಪ್ರೇಮವ್ವನಿಗೆ ತನ್ನ ತವರು ಐರಣಿಯಲ್ಲಿ ಹರಿಯುವ ತುಂಗಭದ್ರೆಯ ಹೊಳೆ ನೆನಪಾಯಿತು. ಹರಿಗೋಲು ಹಾಕುವ ಒಬ್ಬ ಹುಡುಗಿ, ಅವಳನ್ನು ಸಾಕಿದ ಅಜ್ಜಿ, ಇವರಿಬ್ಬರ ಕಥೆ ಹೇಳುತ್ತೇನೆ ಎಂದಳು.

ಹಾವೇರಿಯ ಪ್ರೆಸ್ಸಿನ ಹಿಂದಿನ ಕೋಣೆಯೇ ಸ್ಟುಡಿಯೋ. ಹೈವೇಯ ಹಾರ್ನು, ರೈಲಿನ ಕೂಗು ಒಳಗೆ ಬರಬಾರದೆಂದು ಕಿಟಕಿ ಬಾಗಿಲಿಗೆಲ್ಲ ಕೌದಿ ಹೊಚ್ಚಿದ್ದರು. ಪ್ರೇಮವ್ವ ಮೈಕಿನ ಮುಂದೆ ಕೂತಳು, ಬಾಯಿ ಬಿಡಲಿಲ್ಲ. ಕೈಯಲ್ಲಿ ಪುಸ್ತಕವಿಲ್ಲದೆ ಮಾತು ಬರುವುದಿಲ್ಲ ಎಂದಳು. ಅಲ್ಲೇ ಬಿದ್ದಿದ್ದ ಟೆಲಿಫೋನ್ ಡೈರೆಕ್ಟರಿ ಕೊಟ್ಟರು. ಅದನ್ನು ಬಿಡಿಸಿ ಹಿಡಿದು, ಹಾವೇರಿಯ ಚಂದಾದಾರರ ಹೆಸರುಗಳ ಮೇಲೆ ಕಣ್ಣಿಟ್ಟು, ತುಂಗಭದ್ರೆಯ ಕಥೆ ಶುರುಮಾಡಿದಳು. ನಾಲ್ಕು ಸಾಲು ಹೇಳಿ ನಿಂತಳು. ಕಿವಿಗೆ ಯಂತ್ರ ಹಾಕಿಕೊಂಡ ವಿಜಯಮಹಾಂತೇಶ ಮುಂದೆ ಹೇಳು ಎಂದು ಕೈಸನ್ನೆ ಮಾಡಿದ, ಹೇಳಲಿಲ್ಲ. ಹೂಂ ಅನ್ನುವವರಿಲ್ಲದೆ ಕಥೆ ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂದು ಎದ್ದು ಬಂದಳು.

ಮರುದಿನ ಪ್ರೇಮವ್ವನ ಜೊತೆ, ಹೂಂ ಅನ್ನಲೆಂದು ಗುಲಾಬಬಿ, ಮೆಹಬೂಬಿ ಇಬ್ಬರನ್ನೂ ನನ್ನ ಟೆಂಪೋದಲ್ಲಿ ಕರೆದುಕೊಂಡು ಹೊರಟೆ. ನೋಡಿದರೆ ಭರಮವ್ವ ಆಗಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಸಿಟ್ಟು ಇಳಿಯಿತೇ ಎಂದು ನಾನು ಕೆಣಕಿದೆ. “ಹೂಂ ಬ್ಯಾರೆ, ಬೊಗಸಿ ಬ್ಯಾರೆ. ನೀವು ಗಾಡಿ ಹೊಡಿರಿ,” ಎಂದಳು.

ಆ ದಿನ ಕಥೆ ಹೊಳೆಯಂತೆ ಹರಿಯಿತು. ಹೂಂಗಳನ್ನು ಆಮೇಲೆ ಕತ್ತರಿಸುತ್ತೇನೆ ಎಂದು ವಿಜಯಮಹಾಂತೇಶ ಹೇಳುತ್ತಿದ್ದ, ಅರ್ಧ ದಾರಿಗೆ ಬಂದಾಗ ಅವನೇ ಹೂಂ ಅನ್ನತೊಡಗಿದ್ದ. ಮಹಾಪೂರ ಬಂತು, ಹರಿಗೋಲು ಮಗುಚಿತು. ಈಗ ಅಜ್ಜಿಯನ್ನೂ ಹುಡುಗಿಯನ್ನೂ ದಡಕ್ಕೆ ಎಳೆದು ಹಾಕುತ್ತಾಳೆ ಎಂದು ನಾವೆಲ್ಲ ನಿಶ್ಚಿಂತೆಯಾಗಿದ್ದೆವು. ಪ್ರೇಮವ್ವ ಡೈರೆಕ್ಟರಿಯಿಂದ ತಲೆ ಎತ್ತಿ ಭರಮವ್ವನನ್ನು ನೋಡಿದಳು. ಹುಡುಗಿ ದಡ ಸೇರಿದಳು. ಅಜ್ಜಿ ಸೇರಲಿಲ್ಲ. ಹೇಳಿ ನಿಂತಳು, ಹೂಂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಭರಮವ್ವನ ಗಂಟಲಿನಿಂದ ಒಂದು ಒದ್ದೆ ಹೂಂ ಬಂತು. ಕಥೆ ಮುಂದೆ ಸಾಗಿತು, ಹುಡುಗಿ ಅಜ್ಜಿಯ ಹುಟ್ಟು ಹಿಡಿದು ಹೊಸ ಹರಿಗೋಲು ಹತ್ತಿದಳು. ಹೂಂಗಳನ್ನೂ ಆ ಸುಮ್ಮನಿದ್ದ ಹೊತ್ತನ್ನೂ ಕತ್ತರಿಸಬೇಡ ಎಂದು ಪ್ರಭುಲಿಂಗಪ್ಪ ಅಳಿಯನಿಗೆ ಹೇಳಿದರು. ಅವರ ಪ್ರಕಾಶನದಿಂದ ನಾಯಕಿ ಬದುಕಿ ಹೊರಬಂದದ್ದು ಅದೇ ಮೊದಲು.

ಸಿ.ಡಿ. ಮಾರಾಟವಾದದ್ದು ಅಷ್ಟಕ್ಕಷ್ಟೇ. ಕಥೆ ಊರೂರಿಗೆ ಹೋದದ್ದು ಬೇರೆ ದಾರಿಯಲ್ಲಿ. ರಾಣೆಬೆನ್ನೂರಿನ ಬಸ್‌ ಸ್ಟ್ಯಾಂಡ್ ಹತ್ತಿರ ದಾದಾಪೀರ ಎಂಬವನ ಮೊಬೈಲ್ ಅಂಗಡಿ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಾನೆ. ಯಾರೋ ಕೊಟ್ಟ ಸಿ.ಡಿ.ಯಿಂದ ಅವನು ಪ್ರೇಮವ್ವನ ಕಥೆಯನ್ನೂ ಇಳಿಸಿಕೊಂಡು ಹಾಡಿನ ಜೊತೆ ಉಚಿತವಾಗಿ ತುಂಬತೊಡಗಿದ. ಒಂದು ಸುಗ್ಗಿ ಕಳೆಯುವುದರೊಳಗೆ ಬ್ಯಾಡಗಿಯ ಎಷ್ಟೋ ಅಂಗಳಗಳಲ್ಲಿ ಪ್ರೇಮವ್ವನ ದನಿ. ಪ್ರಭುಲಿಂಗಪ್ಪ ಕಳ್ಳತನ ಎಂದು ಕೂಗಾಡಿ ರಾಣೆಬೆನ್ನೂರಿಗೆ ಹೋದರು. ದಾದಾಪೀರ ಗೌರವದಿಂದ ಕೂರಿಸಿ, ಚಹಾ ತರಿಸಿ, ಅವರ ಫೋನಿಗೂ ತುಂಬಿ ಕಳಿಸಿದ. ಪೇಟೆಯ ತುಂಬ ಮಾತಾಡುವ ಪ್ರೇಮವ್ವನಿಗೆ ಅದರಿಂದ ಒಂದು ಕಾಯಿಯೂ ಹುಟ್ಟಲಿಲ್ಲ. ಅವಳ ಮುಖದಲ್ಲಿ ಮತ್ತೆ ಹೆದರಿಕೆ ಕಂಡೆ. ಸಿ.ಡಿ. ಪ್ಲೇಯರ್ ಎಂಬ ಒಂದು ಪೆಟ್ಟಿಗೆಯನ್ನು ಹೇಗೋ ಗೆದ್ದಿದ್ದಳು, ಈಗ ಎಲ್ಲರ ಸೊಂಟದಲ್ಲೂ ಒಂದೊಂದು ಪೆಟ್ಟಿಗೆ, ಅದರೊಳಗೆ ಅವಳೇ.

ಆ ಸುಗ್ಗಿಯ ಕೊನೆಗೆ ಅವಳ ದನಿ ಬಿದ್ದುಹೋಯಿತು. ಘಾಟಿಗೆ ನೆಗಡಿ ಸೇರಿ ಗಂಟಲು ಕಟ್ಟಿತು, ಮಾತೇ ಆಡಬೇಡ ಎಂದರು ಡಾಕ್ಟರು. ಪುಸ್ತಕ ಬದಿಗಿಟ್ಟು ಸಾಲಿನಲ್ಲಿ ಕೂತು ತೊಟ್ಟು ಮುರಿಯತೊಡಗಿದಳು. ಅಂಗಳ ಬಿಕೋ ಅನ್ನುತ್ತಿತ್ತು. ಮೆಹಬೂಬಿ ತನ್ನ ಫೋನು ತೆಗೆದು, ದನಿ ದೊಡ್ಡದಾಗಲೆಂದು ನೀರು ಕುಡಿಯುವ ಖಾಲಿ ಚರಿಗೆಯೊಳಗೆ ಇಟ್ಟಳು. ಐರಣಿಯ ಹೊಳೆ ಹರಿಯಿತು. ಚರಿಗೆಯೊಳಗಿನ ಪ್ರೇಮವ್ವ ನಾಲ್ಕು ಸಾಲು ಹೇಳಿ ನಿಲ್ಲುವಳು, ಚರಿಗೆಯೊಳಗಿನ ಭರಮವ್ವ ಹೂಂ ಅನ್ನುವಳು, ಹೊರಗಿನ ಹೆಂಗಸರೂ ಹೂಂ ಅನ್ನುವರು. ಪ್ರೇಮವ್ವ ಮಾತ್ರ ಬಗ್ಗಿಸಿದ ತಲೆ ಎತ್ತಲಿಲ್ಲ. ಮಹಾಪೂರ ಬಂತು, ಅಜ್ಜಿ ಮುಳುಗಿದಳು, ಆ ಉದ್ದದ ಮೌನ ಬಂತು. ಇಡೀ ಅಂಗಳ ಕಣ್ಣು ಒರೆಸಿಕೊಂಡಿತು.

ಸಂಜೆ ತಕ್ಕಡಿಯ ಹೊತ್ತಿಗೆ ಅವಳ ಬುಟ್ಟಿ ಅರ್ಧ. ಭರಮವ್ವ ತನ್ನ ಬುಟ್ಟಿ ಎತ್ತಿಕೊಂಡು ಬಂದಳು. ಈ ಸಲ ದಾಟಿ ಹೋಗಲಿಲ್ಲ. ಕೆಳಗಿಟ್ಟು, ಎರಡೂ ಕೈ ಜೋಡಿಸಿ ತುಂಬು ಬೊಗಸೆ ತೆಗೆದು ಪ್ರೇಮವ್ವನ ಬುಟ್ಟಿಗೆ ಸುರಿದಳು. ಹಿಂದೆ ಗುಲಾಬಬಿ, ಅವಳ ಹಿಂದೆ ಮೆಹಬೂಬಿ, ಆಮೇಲೆ ಸಾಲು.

ಪ್ರೇಮವ್ವ ಬುಟ್ಟಿಯ ಮೇಲೆ ಕೈ ಅಡ್ಡ ಹಿಡಿದಳು. ಡಾಕ್ಟರ ಮಾತು ಮೀರಿ, ಇದ್ದಷ್ಟು ದನಿಯಲ್ಲಿ, “ಇವತ್ತ ನಾ ಓದಿಲ್ಲ ಯಕ್ಕಾ,” ಎಂದಳು.

ಭರಮವ್ವ ಚರಿಗೆಯನ್ನು ತೋರಿಸಿದಳು. “ಅದರಾಗ ಓದಿದಾಕಿ ಯಾರು? ಕೈ ತಗಿ.”

ಪ್ರೇಮವ್ವ ಕೈ ತೆಗೆದಳು.